ಸಹೋದರಿ ಥೆಲ್ಮಾಳಿಗಾಗಿ ಪ್ರಾರ್ಥನೆ

ಸುಳ್ಳಾಡಬಾರದು ಎಂದು ಹತ್ತು ಆಜ್ಞೆಗಳಲ್ಲಿದೆ. ಬಟ್ಟೆಯ ಬೀರುವಿನೊಳಗೆ ಟೀವಿ ಇಡಬಾರದು ಎಂದು ಎಲ್ಲೂ ಇಲ್ಲ. ಪವಿತ್ರ ಗ್ರಂಥವನ್ನು ಆದಿಕಾಂಡದಿಂದ ಪ್ರಕಟನೆಯವರೆಗೆ ಎರಡು ಸಲ ಹುಡುಕಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ನನ್ನ ಹೆಸರು ಕ್ಲಿಫರ್ಡ್ ಪಿಲ್ಲಿಂಗ್. ಥ್ರಷ್‌ಡೆನ್ನಿನ ಬಸ್ ಡಿಪೋದಲ್ಲಿ ಮೂವತ್ತೇಳು ವರ್ಷ ವೇಳಾಪಟ್ಟಿ ಬರೆದವನು. ಆ ಮೂವತ್ತೇಳು ವರ್ಷದಲ್ಲಿ ಒಂದು ಬಸ್ಸೂ ಹೇಳಿದ ಹೊತ್ತಿಗೆ ಬರಲಿಲ್ಲವೆಂದು ಊರವರು ಆಡಿಕೊಳ್ಳುತ್ತಾರೆ. ವೇಳಾಪಟ್ಟಿಯಲ್ಲಿ ತಪ್ಪಿರಲಿಲ್ಲ, ಬಸ್ಸುಗಳಿಗೆ ಶ್ರದ್ಧೆ ಇರಲಿಲ್ಲ. ಈಗ ನಿವೃತ್ತ, ವಿಧುರ, ಮೆಥಡಿಸ್ಟ್ ಕ್ರೈಸ್ತ ಸಭೆಯ ಹಿರಿಯ. ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೀರ್ತನೆಯ ಪುಸ್ತಕ ಹಂಚುವುದು, ಆಮೇಲೆ ಎದ್ದು ನಿಂತು ಕಾಯಿಲೆಯವರ ಹೆಸರು ಹೇಳಿ ಪ್ರಾರ್ಥಿಸುವುದು ನನ್ನ ಪಾಲಿನ ಕೆಲಸ.

ಈ ಎರಡನೆಯ ಕೆಲಸಕ್ಕೆ ನಾನು ಚಿಕ್ಕಂದಿನಿಂದಲೇ ತಯಾರಾದವನು. ನಮ್ಮಜ್ಜಿ ರೊಟ್ಟಿಯ ಹಿಟ್ಟು ನಾದುವಾಗ ದಾವೀದನ ಕೀರ್ತನೆಗಳನ್ನು ಬಾಯಿಪಾಠ ಹೇಳುತ್ತಿದ್ದಳು; ನಾನು ಮೇಜಿನ ಕೆಳಗೆ ಕೂತು ಕೇಳುತ್ತಿದ್ದೆ. ಹಿಟ್ಟಿಗೊಂದು ಗುದ್ದು, ಪದ್ಯಕ್ಕೊಂದು ಸಾಲು. ಸಂಡೇ ಸ್ಕೂಲಿನ ವಾರ್ಷಿಕೋತ್ಸವದಲ್ಲಿ ಗಂಜಿ ಹಾಕಿದ ಕಾಲರಿಗೆ ಕತ್ತು ಸಿಕ್ಕಿಸಿಕೊಂಡು, ವೇದಿಕೆಯ ಮೇಲೆ ನಿಂತು, ನಲವತ್ತು ಸಾಲು ತಡವರಿಸದೆ ಒಪ್ಪಿಸಿ ಊರ ಹೆಂಗಸರಿಂದ ಕೆನ್ನೆ ಹಿಂಡಿಸಿಕೊಂಡವನು ನಾನೇ. ಅದರಿಂದ ನನಗೊಂದು ರೋಗ ಅಂಟಿತು. ಮೂರು ಸಾಲು ಲಯದಲ್ಲಿ ಬಂದರೆ ನಾಲ್ಕನೆಯದನ್ನು ಖಾಲಿ ಬಿಡಲು ನನ್ನ ಬಾಯಿ ಒಪ್ಪುವುದಿಲ್ಲ. ಸಿಕ್ಕಿದ್ದನ್ನು ತುಂಬಿಬಿಡುತ್ತದೆ. ಈ ಕಥೆಗೆ ಕಾರಣ ಆ ರೋಗ, ನಾನಲ್ಲ.

ಇನ್ನು ಬೀರುವಿನ ವಿಷಯ.

ನಾಲ್ಕು ವರ್ಷದ ಹಿಂದೆ ನಮ್ಮ ಸಭೆಯ ಮಹಿಳಾ ಮಂಡಳಿಯವರು ನನ್ನಿಂದ ಒಂದು ಉಪನ್ಯಾಸ ಬಯಸಿದರು. ನಾನು 'ಬಾಬಿನ್ ಗಲ್ಲಿಯೆಂಬ ಬಲೆ' ಎಂಬ ವಿಷಯ ಆರಿಸಿಕೊಂಡೆ. ಬಾಬಿನ್ ಗಲ್ಲಿ ಎಂದರೆ ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಏಳೂವರೆಗೆ ಟೀವಿಯಲ್ಲಿ ಬರುವ ಧಾರಾವಾಹಿ. ಮೂವತ್ತೊಂದು ವರ್ಷದಿಂದ ನಡೆಯುತ್ತಿದೆ. ಅದರ ಪ್ರಾಣ ಥೆಲ್ಮಾ, ಮೀನು-ಚಿಪ್ಸ್ ಅಂಗಡಿಯ ಒಡತಿ. ಐವರು ಗಂಡಂದಿರಲ್ಲಿ ಇಬ್ಬರನ್ನು ಹೂತಿದ್ದಾಳೆ, ಇಬ್ಬರನ್ನು ಓಡಿಸಿದ್ದಾಳೆ, ಒಬ್ಬನನ್ನು ಎಲ್ಲಿಟ್ಟಿದ್ದಾಳೆಂದು ಯಾರಿಗೂ ಗೊತ್ತಿಲ್ಲ. ಸಿಟ್ಟು ಬಂದರೆ ಕೈಗೆ ಸಿಕ್ಕಿದ ಮೀನಿನಿಂದಲೇ ಬಾರಿಸುತ್ತಾಳೆ. ಪುರಸಭೆಯ ಅಧಿಕಾರಿಯೊಬ್ಬ ಅಂಗಡಿಯ ಹೊಗೆಯ ಬಗ್ಗೆ ನೋಟೀಸು ತಂದಾಗ ಎರಡೇ ಏಟಿಗೆ ಅವನನ್ನು ಕಾಲುವೆಗೆ ಬೀಳಿಸಿದವಳು.

ಬೈಯಬೇಕಾದರೆ ಒಮ್ಮೆ ನೋಡಬೇಕಲ್ಲ? ಯೆಹೋಶುವನೇ ಶತ್ರುವಿನ ಊರಿಗೆ ಗೂಢಚಾರರನ್ನು ಕಳಿಸಿರಲಿಲ್ಲವೇ? ಎರಡು ಬಸ್ ಬದಲಾಯಿಸಿ ಪಕ್ಕದ ಊರಿಗೆ ಹೋಗಿ ಸಣ್ಣದೊಂದು ಟೀವಿ ತಂದೆ. ಒಂದು ಕಂತು ನೋಡಿ ಯಾರಿಗಾದರೂ ಕೊಟ್ಟುಬಿಡುವ ಯೋಚನೆ. ಆದರೆ ಆ ಕಂತು ಮುಗಿಯುವಾಗ ಥೆಲ್ಮಾ ನಾಲ್ಕನೇ ಗಂಡನ ಸೂಟ್‌ಕೇಸನ್ನು ಮಹಡಿಯ ಕಿಟಕಿಯಿಂದ ಎಸೆದಿದ್ದಳು. ಅದು ಇನ್ನೂ ನೆಲ ಮುಟ್ಟಿರಲಿಲ್ಲ. ಯಾರ ತಲೆಯ ಮೇಲೆ ಬಿತ್ತೆಂದು ತಿಳಿಯದೆ ನೀತಿಬೋಧೆ ಮಾಡುವುದು ಬೇಜವಾಬ್ದಾರಿಯಾದೀತೆಂದು ಮುಂದಿನ ಕಂತನ್ನೂ ನೋಡಿದೆ. ಹೀಗೆ ಜವಾಬ್ದಾರಿಯಿಂದ ನಾಲ್ಕು ವರ್ಷ ಕಳೆಯಿತು.

ಟೀವಿ ಬೀರುವಿನಲ್ಲಿ, ನನ್ನ ಕಪ್ಪು ಕೋಟುಗಳ ಹಿಂದೆ. ಏಳೂವರೆಗೆ ಕಿಟಕಿಯ ಪರದೆ ಎಳೆದು, ಸದ್ದು ತಗ್ಗಿಸಿ, ಎರಡು ಕೋಟುಗಳ ನಡುವೆ ತಲೆ ತೂರಿಸಿ ನೋಡುವುದು. ಟೀವಿ ಇಟ್ಟವರು ವರ್ಷ ವರ್ಷ ಸರ್ಕಾರಕ್ಕೆ ದುಡ್ಡು ಕಟ್ಟಿ ಮಾಡಿಸಬೇಕಾದ ಲೈಸೆನ್ಸು ಮಾತ್ರ ಒಂದು ವರ್ಷವೂ ತಪ್ಪಿಸಲಿಲ್ಲ, ಎಷ್ಟಾದರೂ ಪ್ರಾಮಾಣಿಕ. ನಮ್ಮೂರ ಅಂಚೆ ಕಚೇರಿಯಲ್ಲಿ ಮಾಡಿಸಿದರೆ ಸುದ್ದಿ ಹಬ್ಬೀತೆಂದು ಅದಕ್ಕೂ ಎರಡು ಬಸ್ ಹತ್ತಿ ಹೋಗುತ್ತಿದ್ದೆ.

ಉಪನ್ಯಾಸ ಅಮೋಘವಾಗಿತ್ತು. ಥೆಲ್ಮಾಳನ್ನು ಪವಿತ್ರ ಗ್ರಂಥದ ದುಷ್ಟ ರಾಣಿಗೆ ಹೋಲಿಸಿ 'ಏಪ್ರನ್ ಕಟ್ಟಿದ ಈಜೆಬೆಲ್' ಎಂದೆ. ಹೆಂಗಸರು ತಲೆ ತಗ್ಗಿಸಿದರು. ಮಂಡಳಿಯ ಮುಖಂಡೆ ಬೆಸ್ಸಿ ಟ್ಯಾಟರ್ಸಲ್ ಎದ್ದು ನಿಂತು, "ನಮ್ಮನೇಲಿ ಆ ದರಿದ್ರ ಹಾಕೋದೇ ಇಲ್ಲಪ್ಪ" ಎಂದು ಸಾರಿದಳು. ಮಿಕ್ಕವರೂ ಒಬ್ಬೊಬ್ಬರಾಗಿ ಹಾಗೆಯೇ ಅಂದರು. ಅಂದಿನಿಂದ ನಮ್ಮ ಸಭೆಯಲ್ಲಿ ಬಾಬಿನ್ ಗಲ್ಲಿ ನೋಡುವವರು ಒಬ್ಬರೂ ಇಲ್ಲ.

ಮ್ಯೂರಿಯಲ್ ಹಾವರ್ತ್ ಅವರೂ ಅಂದು ಅಲ್ಲಿದ್ದರು. ಊರ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮದುವೆಯಾಗದವರು, 'ಸದ್ದು!' ಎಂದು ಹೇಳದೆಯೇ ಕಣ್ಣಿನಿಂದ ಸದ್ದಡಗಿಸಬಲ್ಲವರು. ಮರುದಿನವೇ ಅವರು ತಮ್ಮ ಟೀವಿಯನ್ನು ಕೈಗಾಡಿಯ ಮೇಲೆ ಹೇರಿಸಿ ತಂಗಿ ನೋರಾಳ ಮನೆಗೆ ಕಳಿಸಿಬಿಟ್ಟರು. "ನಿಮ್ಮ ಮಾತು ನಾಟಿತು, ಪಿಲ್ಲಿಂಗ್ ಅವರೇ" ಎಂದರು. ಆ ಒಂದು ಮಾತಿಗೆ ನಾನು ಮಾರುಹೋದೆ. ಅವರದು ಅಂಥ ಜೀವ! ವಾರಕ್ಕೆ ಮೂರು ಸಂಜೆ, ಮಳೆಯಿರಲಿ ಮಂಜಿರಲಿ, ಆ ನೋರಾಳ ಮಂಡಿಗೆ ಎಣ್ಣೆ ತಿಕ್ಕಲು ನಡೆದೇ ಹೋಗುತ್ತಿದ್ದರು.

ನಾಲ್ಕು ವರ್ಷ ಪ್ರತಿ ಶನಿವಾರ ಅವರ ಮನೆಯಲ್ಲಿ ಚಹಾ, ಶುಂಠಿ ಕೇಕು, ಮೌನ. ಕಡೆಗೆ ಮಾರ್ಚಿನ ಒಂದು ಶನಿವಾರ ಧೈರ್ಯ ಮಾಡಿ, ಮದುವೆಯಾಗೋಣವೇ ಎಂದು ಕೇಳಿಯೇಬಿಟ್ಟೆ. ಅವರು ಕೈಯಲ್ಲಿದ್ದ ಹೆಣಿಗೆಯ ಸಾಲನ್ನು ಪೂರ್ತಿ ಮುಗಿಸಿ, "ನಾಳೆ ಪ್ರಾರ್ಥನೆ ಆದ್ಮೇಲೆ ಹೇಳ್ತೀನಿ" ಎಂದರು. ಹೇಳುವಾಗ ನಕ್ಕರು. ನಗುವಿದ್ದ ಮೇಲೆ ಉತ್ತರ ಏನೆಂದು ವೇಳಾಪಟ್ಟಿಯ ಗುಮಾಸ್ತನಿಗೂ ಗೊತ್ತಾಗುತ್ತದೆ.

ಆದರೆ ಅದರ ಹಿಂದಿನ ಸಂಜೆ, ಶುಕ್ರವಾರ, ಥೆಲ್ಮಾಳ ಅಂಗಡಿಯ ಮೇಲೆ ಮೂವತ್ತೊಂದು ವರ್ಷದಿಂದ ತೂಗುತ್ತಿದ್ದ ದೊಡ್ಡ ಮರದ ಮೀನು ಕಳಚಿ ಅವಳ ತಲೆಯ ಮೇಲೆ ಬಿದ್ದಿತ್ತು. ಪ್ರಜ್ಞೆಯಿಲ್ಲ. ಆಸ್ಪತ್ರೆ. ತುತ್ತೂರಿ ಊದಿ ಕಂತು ಮುಗಿದಿತ್ತು. ನಾನು ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಭಾನುವಾರ ಪ್ರಾರ್ಥನೆಗೆ ಎದ್ದು ನಿಂತೆ. ಚೀಟಿಯಲ್ಲಿದ್ದದ್ದು ಮೂರೇ ಹೆಸರು.

"ಮಂಡಿ ಸವೆದ ಮಾರ್ತಳನ್ನು ನೆನೆ, ಪ್ರಭುವೇ. ಕೆಮ್ಮು ಬಿಡದ ಕೆನೆತ್‌ನನ್ನು ನೆನೆ, ಪ್ರಭುವೇ. ಕಣ್ಣು ಮಸುಕಾದ ಕ್ಲಾರಳನ್ನು ನೆನೆ, ಪ್ರಭುವೇ."

ಅಲ್ಲಿಗೆ ನಿಲ್ಲಿಸಬೇಕಿತ್ತು. ಲಯ ನಿಲ್ಲಲಿಲ್ಲ. ನಾಲ್ಕನೇ ಸಾಲು ಬಾಯಿ ತೆರೆದು ಕಾಯುತ್ತಿತ್ತು.

"ಸಾವು ಬದುಕಿನ ನಡುವೆ ತೂಗುತ್ತಿರುವ ನಮ್ಮ ಸಹೋದರಿ ಥೆಲ್ಮಾಳನ್ನು ನೆನೆ, ಪ್ರಭುವೇ."

"ಆಮೆನ್!" ಎಂದಿತು ಸಭೆ. ಅಷ್ಟು ಗಟ್ಟಿ ಆಮೆನ್ ಆ ಕಟ್ಟಡದಲ್ಲಿ ನಾನು ಕೇಳಿರಲಿಲ್ಲ. ಬೆಸ್ಸಿ ಕಣ್ಣೊರೆಸಿಕೊಂಡಳು. ನನ್ನ ಭಕ್ತಿಯ ಶಕ್ತಿ ಅಂಥದೆಂದು ಒಂದು ಕ್ಷಣ ಹೆಮ್ಮೆಪಟ್ಟೆ. ಎರಡನೇ ಕ್ಷಣದಲ್ಲಿ ಏನು ಹೇಳಿದೆನೆಂಬುದು ಹೊಳೆಯಿತು. ಮೂರನೇ ಕ್ಷಣದಲ್ಲಿ ಮ್ಯೂರಿಯಲ್ ತಮ್ಮ ಕೀರ್ತನೆಯ ಪುಸ್ತಕವನ್ನು ಟಪ್ಪೆಂದು ಮುಚ್ಚಿದರು.

ಬಾಗಿಲಲ್ಲಿ ಅವರನ್ನು ತಡೆದೆ. "ಉತ್ತರ ಹೇಳ್ತೀನಿ ಅಂದಿದ್ರಿ..."

"ನಿಮಗೆ ಹೇಳೋಂಥದ್ದು ನನ್ನತ್ರ ಏನೂ ಇಲ್ಲ, ಪಿಲ್ಲಿಂಗ್ ಅವರೇ." ಮಳೆ ಸುರಿಯುತ್ತಿತ್ತು. ಕೊಡೆ ಬಿಚ್ಚದೆ ಹೊರಟೇಹೋದರು.

ಅಷ್ಟರಲ್ಲಿ ನಮ್ಮ ಪಾದ್ರಿಯಮ್ಮ ಬಂದು ನನ್ನ ಕೈ ಹಿಡಿದರು. ಜುಡಿತ್ ಪೆನ್‌ರೋಸ್ ಎಂದು ಹೆಸರು. ದಕ್ಷಿಣದ ಕಡೆಯವರು, ನಮ್ಮೂರಿಗೆ ಬಂದು ಆರು ವಾರ. ಟೀವಿಯಿಲ್ಲ, ವಯಸ್ಸು ಚಿಕ್ಕದು, ಹೃದಯ ದೊಡ್ಡದು. ಮೂರೂ ಅಪಾಯಕಾರಿ.

"ಪಿಲ್ಲಿಂಗ್ ಅವರೇ, ಯಾರು ಈ ಥೆಲ್ಮಾ?"

"ನಮ್ಮ... ದೂರದ ಸಂಬಂಧ."

"ಏನಾಯ್ತು ಪಾಪ?"

"ತಲೆ ಮೇಲೆ ಮೀನು ಬಿತ್ತು."

"ಮೀನು?"

"ದೊಡ್ಡ ಮೀನು."

ಹಿಂದೆ ನಿಂತಿದ್ದ ಬೆಸ್ಸಿ ತಡೆಯಲಾರದೆ, "ಆ ಮೀನಿನ ಮೊಳೆ ಸಡಿಲ ಆಗಿದೆ ಅಂತ ನಾನು ಕ್ರಿಸ್ಮಸ್ಸಿಂದ ಬಡ್ಕೋತಾ..." ಎಂದವಳು ತಟ್ಟನೆ ಬಾಯಿ ಮುಚ್ಚಿದಳು. "ಅಂದ್ರೆ, ಮರದ ಮೀನುಗಳ ಮೊಳೆ ಸಾಮಾನ್ಯವಾಗಿ ಸಡಿಲವೇ."

ನಾನಿನ್ನೂ ಮರದ್ದೆಂದು ಹೇಳಿರಲಿಲ್ಲ. ಆ ಗಾಬರಿಯಲ್ಲಿ ಅದು ನನ್ನ ತಲೆಗೆ ಹೋಗಲೂ ಇಲ್ಲ.

ಸೋಮವಾರ ಬೆಳಿಗ್ಗೆಯಿಂದ ಬಾಗಿಲು ತಟ್ಟುವುದು ಶುರುವಾಯಿತು. ಕುರಿಮಾಂಸ, ಆಲೂಗಡ್ಡೆ ಸೇರಿಸಿ ಬೇಯಿಸಿದ ಹಾಟ್‌ಪಾಟ್ ಎಂಬ ಅಡುಗೆ ಮೂರು ಮಡಕೆ ಬಂತು. ಉಪ್ಪಿನಲ್ಲಿಟ್ಟ ಕೆಂಪು ಕೋಸು ಎರಡು ಜಾಡಿ. 'ಬೇಗ ಗುಣಮುಖಳಾಗು ಥೆಲ್ಮಾ' ಎಂಬ ಕಾರ್ಡು, ಅದರಲ್ಲಿ ನಲವತ್ತಮೂರು ಜನರ ಸಹಿ. ಮಾರ್ತಳ ಮಂಡಿಗೆ ಯಾರೂ ಒಂದು ಬಿಸ್ಕತ್ತೂ ಕೊಟ್ಟಿರಲಿಲ್ಲ. ಆರ್ಗನ್ ನುಡಿಸುವ ಹೆರಾಲ್ಡ್ ನಟಲ್ ಟೋಪಿ ಕೈಯಲ್ಲಿ ಹಿಡಿದು ಬಂದ.

"ಕ್ಲಿಫರ್ಡ್, ಅವಳ ಗಂಡಂದಿರಿಗೆ ಸುದ್ದಿ ಮುಟ್ಟಿದ್ಯೇನಪ್ಪ?"

"ಗಂಡಂದಿರು?"

"ಗಂಡ. ಗಂಡನಿಗೆ ಅಂದೆ. ಒಬ್ಬನೇ." ಅವನ ಕಿವಿ ಕೆಂಪಾಯಿತು. "ಆ ಮೂರನೆಯವನು ಒಳ್ಳೆಯವನಿದ್ದ" ಎಂದು ಗೊಣಗುತ್ತಾ ಮೆಟ್ಟಿಲಿಳಿದ.

ಸಂಜೆಯ ಹೊತ್ತಿಗೆ ಸುದ್ದಿ ಐವತ್ತು ಮೈಲಿ ದಾಟಿ ಸಮುದ್ರದ ದಡದಲ್ಲಿರುವ ನನ್ನ ಅಕ್ಕ ಹಿಲ್ಡಾಳನ್ನು ಮುಟ್ಟಿ ಫೋನಿನ ಮೂಲಕ ವಾಪಸು ಬಂತು.

"ನಮ್ಮ ವಂಶದಲ್ಲಿ ಆರು ಎಡ್ನಾ ಇದಾರೆ, ಮೂರು ಆಲಿಸ್ ಇದಾರೆ. ಥೆಲ್ಮಾ ಅನ್ನೋಳು ಹುಟ್ಟೇ ಇಲ್ಲ. ಯಾರೋ ಅವ್ಳು?"

"ಅಕ್ಕಾ, ಅದು..."

"ಅರವತ್ತೆಂಟು ನಿಂಗೆ! ಮೊಣಕಾಲು ಬಗ್ಗಿಸಿ ಲೇಸು ಕಟ್ಟೋಕಾಗಲ್ಲ, ಇನ್ನು ಗುಟ್ಟಾಗಿ ಹೆಂಗಸು ಬೇರೆ! ಆ ಮ್ಯೂರಿಯಲ್ ನಿನ್ನ ಮುಖ ಯಾಕೆ ನೋಡ್ತಾಳೆ ಇನ್ಮೇಲೆ?"

ಆಗ ನನಗೆ ಬೆಳಕು ಕಂಡಿತು. ಮ್ಯೂರಿಯಲ್ ಸಿಟ್ಟಾದದ್ದು ಇದಕ್ಕೇ! ನನಗೆ ಬೇರೊಬ್ಬಳಿದ್ದಾಳೆಂದು ತಿಳಿದಿದ್ದಾರೆ. ಪುಸ್ತಕ ಟಪ್ಪೆಂದದ್ದು ಹೊಟ್ಟೆಕಿಚ್ಚಿನಿಂದ. ಸತ್ಯ ಹೇಳಿದರೆ ಸಭೆಯಲ್ಲಿ ಮುಖ ತೋರಿಸಲಾರೆ. ಹೇಳದಿದ್ದರೆ ಮ್ಯೂರಿಯಲ್ ಸಿಗರು. ಹಿಲ್ಡಾ ಇನ್ನೂ ಬೈಯುತ್ತಿರುವಾಗಲೇ ಗಡಿಯಾರ ನೋಡಿದೆ. ಏಳು ಇಪ್ಪತ್ತೆಂಟು. "ಅಕ್ಕಾ, ಹಾಲು ಉಕ್ತಾ ಇದೆ" ಎಂದು ಫೋನಿಟ್ಟು ಬೀರುವಿನೊಳಗೆ ತಲೆ ಹಾಕಿದೆ. ಪಶ್ಚಾತ್ತಾಪವೂ ಇತ್ತು, ಅದು ಎಂಟು ಗಂಟೆಯವರೆಗೆ ಕಾಯಬಹುದಾಗಿತ್ತು. ಆ ದಿನದ ಕಂತಿನಲ್ಲಿ ಡಾಕ್ಟರು ತಲೆಯಲ್ಲಾಡಿಸಿ, ಇನ್ನೆರಡು ದಿನದಲ್ಲಿ ಕಣ್ಣು ತೆರೆಯದಿದ್ದರೆ ಆಸೆಯಿಲ್ಲ ಎಂದರು.

ಮಂಗಳವಾರ ಮಧ್ಯಾಹ್ನ ಪಾದ್ರಿಯಮ್ಮ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತಾ ಬಂದರು.

"ದೊಡ್ಡಾಸ್ಪತ್ರೆಗೆ ಫೋನ್ ಮಾಡಿದ್ದೆ, ಪಿಲ್ಲಿಂಗ್ ಅವರೇ. ನೀವು ದುಃಖದಲ್ಲಿದೀರಿ, ಕೇಳೋದು ಬೇಡ ಅಂತ ನಾನೇ ಮಾಡ್ದೆ."

"ಅಂಥವರು ಯಾರೂ ಇಲ್ಲ ಅಂದ್ರಾ?"

"ಇಲ್ಲ ಅನ್ನೋದೇ? ತಲೆ ಮೇಲೆ ಮೀನು ಬಿದ್ದ ಥೆಲ್ಮಾ ಅಂದ ತಕ್ಷಣ ಆ ನರ್ಸು, 'ಅಯ್ಯೋ, ನಮ್ಮ ವಾರ್ಡಿನವರಿಗೆಲ್ಲ ಅವಳದ್ದೇ ಚಿಂತೆ ಕಣಮ್ಮ! ನಿನ್ನೆ ಡಾಕ್ಟರು ಕೈಚೆಲ್ಲಿದ್ರು. ಬುಧವಾರ ಏಳೂವರೆಗೆ ಗೊತ್ತಾಗುತ್ತೆ, ಇರ್ತಾಳೋ ಹೋಗ್ತಾಳೋ' ಅಂದ್ರು. ಬಂದು ನೋಡಬಹುದಾ ಅಂದೆ. ಬಿದ್ದು ಬಿದ್ದು ನಕ್ಕರು. ಪಾಪ, ಎಷ್ಟು ಕೆಲಸದ ಒತ್ತಡವೋ." ಅವರ ಕಣ್ಣು ತುಂಬಿತ್ತು. "ಅದಕ್ಕೇ ತೀರ್ಮಾನ ಮಾಡಿದೀನಿ. ನಾಳೆ ಬುಧವಾರ ಸಂಜೆ ಏಳೂವರೆಗೆ ಸರಿಯಾಗಿ ಇಡೀ ಸಭೆ ಸೇರಿ ಥೆಲ್ಮಾಳಿಗಾಗಿ ಒಂದು ಗಂಟೆ ಪ್ರಾರ್ಥಿಸಬೇಕು. ಒಬ್ಬರೂ ತಪ್ಪಿಸೋ ಹಾಗಿಲ್ಲ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅವರು ಅದನ್ನು ಕೃತಜ್ಞತೆ ಎಂದು ತಿಳಿದರು.

ಆ ಸುದ್ದಿ ಊರಲ್ಲಿ ಹರಡಿದಾಗ ಥ್ರಷ್‌ಡೆನ್ನಿನ ಮೆಥಡಿಸ್ಟರಿಗೆ ಒಮ್ಮೆಗೇ ಬಂದ ಕಷ್ಟಗಳನ್ನು ಯೋಬನೂ ಕಂಡಿರಲಿಕ್ಕಿಲ್ಲ. ಹೆರಾಲ್ಡನ ಬೆರಳು ಹಿಡಿದುಕೊಂಡಿತು. ಕೆನೆತ್‌ನ ಕೆಮ್ಮು ಜಾಸ್ತಿಯಾಯಿತು. ಬೆಸ್ಸಿಯ ಮನೆಗೆ ಬುಧವಾರ ಏಳೂವರೆಗೇ ಗ್ಯಾಸ್ ರಿಪೇರಿಯವನು ಬರುವುದಾಗಿ ಹೇಳಿದ್ದನಂತೆ. "ಸಂಜೆ ಹೊತ್ತು ಬರ್ತಾನಾ?" ಎಂದು ಪಾದ್ರಿಯಮ್ಮ ಕೇಳಿದರು. "ತುಂಬಾ ಬೇಡಿಕೆ ಇರೋ ಮನುಷ್ಯ" ಎಂದಳು. ಪಾದ್ರಿಯಮ್ಮ ಪ್ರತಿ ಮನೆಗೂ ಸೈಕಲ್ ತುಳಿದು, "ಸಾಯೋ ಹೆಂಗಸಿಗಿಂತ ನಿಮಗೆ ಅದು ಹೆಚ್ಚಾ?" ಎಂದು ಕೇಳಿದರು. ಅದೇ ಹೆಂಗಸಿಗಾಗಿಯೇ ಮನೆಯಲ್ಲಿರಬೇಕು ಎಂದು ಯಾರು ಬಾಯಿ ಬಿಟ್ಟಾರು? ಎಲ್ಲರೂ ಒಪ್ಪಿದರು.

ಅಂದು ಸಂಜೆ ನಾನು ಮ್ಯೂರಿಯಲ್ ಅವರ ಬಾಗಿಲು ತಟ್ಟಿದೆ. ತೆರೆಯಲಿಲ್ಲ. ಬಾ‌ಗಿಲಿನ ಅಂಚೆ ಕಿಂಡಿಯ ಮುಚ್ಚಳ ಎತ್ತಿ ಬಗ್ಗಿ ಕರೆದೆ. ಒಳಗಿನಿಂದ ದನಿ ಬಂತು.

"ಎಷ್ಟು ವರ್ಷದಿಂದ ನಡೀತಿದೆ ಇದು?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಾಲ್ಕು."

"ವಾರಕ್ಕೆಷ್ಟು ಸಲ?"

"ಮೂರು."

"ಎಲ್ಲಿ?"

"ಬೀರುವಿನಲ್ಲಿ."

ಮುಚ್ಚಳ ಬಿತ್ತು. ನನ್ನ ಬೆರಳು ಒಳಗೇ ಇತ್ತು.

ಬುಧವಾರ ಏಳು ಇಪ್ಪತ್ತಕ್ಕೆ ದೇವಾಲಯ ತುಂಬಿತ್ತು. ಈಸ್ಟರಿಗೂ ಅಷ್ಟು ಜನ ಸೇರುವುದಿಲ್ಲ. ಎಲ್ಲರ ಮುಖದಲ್ಲೂ ಸಾವಿನ ಕಳೆ. ಮ್ಯೂರಿಯಲ್ ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕ, ಕೈಚೀಲ ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಮುಳ್ಳು ಏಳೂವರೆ ಮುಟ್ಟಿದಾಗ ಪಾದ್ರಿಯಮ್ಮ, "ಮೌನವಾಗಿ ಥೆಲ್ಮಾಳನ್ನು ನೆನೆಯೋಣ" ಎಂದರು. ಎಲ್ಲರೂ ಅದನ್ನೇ ಮಾಡುತ್ತಿದ್ದರು.

ಆ ಮೌನದಲ್ಲಿ, ನೆಲದ ಕಬ್ಬಿಣದ ಜಾಲರಿಯಿಂದ, ಬಿಸಿಗಾಳಿಯ ಜೊತೆ, ಸಣ್ಣಗೆ ತುತ್ತೂರಿಯ ದನಿ ತೇಲಿಬಂತು. ಬಾಬಿನ್ ಗಲ್ಲಿಯ ತುತ್ತೂರಿ.

ಕೆಳಗೆ, ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರ್ ಕೋಣೆ. ಅಲ್ಲಿ ನಮ್ಮ ಕಾವಲುಗಾರ ಆಲ್ಬರ್ಟ್, ಅವನ ಟೀವಿ. ಆಲ್ಬರ್ಟ್ ಮೆಥಡಿಸ್ಟನಲ್ಲ, ಹಾಗಾಗಿ ಅವನಿಗೆ ಮುಚ್ಚಿಡುವ ಕಾರಣವಿರಲಿಲ್ಲ.

"ಏನಿದು ಸಂಗೀತ?" ಪಾದ್ರಿಯಮ್ಮ ಕಣ್ಣು ಬಿಟ್ಟರು.

"ಬಾಯ್ಲರ್" ಎಂದ ಹೆರಾಲ್ಡ್.

"ಬಾಯ್ಲರ್ ತುತ್ತೂರಿ ಊದುತ್ತಾ?"

"ಹಳೇ ಬಾಯ್ಲರ್ ಕಣಮ್ಮ. ಅದರದ್ದೂ ಏನೇನೋ ಇರುತ್ತೆ."

ನಾವು ಮೆಥಡಿಸ್ಟರು ಕೂತು ತಲೆ ಬಾಗಿಸಿ ಪ್ರಾರ್ಥಿಸುವವರು. ಮಂಡಿಯೂರುವ ಪದ್ಧತಿ ನಮ್ಮಲ್ಲಿಲ್ಲ. ಅಂದು ಮೊದಲು ಬೆಸ್ಸಿ ಎದ್ದು ನಡುದಾರಿಗೆ ಬಂದು ಮಂಡಿಯೂರಿದಳು. ಅವಳ ಹಿಂದೆ ಹೆರಾಲ್ಡ್. ಆಮೇಲೆ ಮಂಡಿ ಸವೆದ ಮಾರ್ತ. ಐದು ನಿಮಿಷದಲ್ಲಿ ಹದಿನೆಂಟು ಜನ ಮಂಡಿಯೂರಿದ್ದರು, ಅದೂ ಜಾಲರಿಯ ಸುತ್ತಲೇ. ಕೆಲವರ ಹಣೆ ಕಬ್ಬಿಣ ಮುಟ್ಟಿತ್ತು. ಕೆನೆತ್ ಒಮ್ಮೆಯೂ ಕೆಮ್ಮಲಿಲ್ಲ.

ಪಾದ್ರಿಯಮ್ಮನವರ ಕೆನ್ನೆಯ ಮೇಲೆ ನೀರು ಇಳಿಯಿತು. "ಇಂಥ ಪ್ರೀತಿ ನಾನೆಲ್ಲೂ ಕಂಡಿಲ್ಲ" ಎಂದರು. "ನಿಮ್ಮೂರಿಗೆ ಬಂದಾಗ, ಇಲ್ಲಿ ನನಗೆ ಯಾರೂ ಇಲ್ಲ, ಜನ ಗಟ್ಟಿ ಕಲ್ಲು ಅಂದ್ಕೊಂಡಿದ್ದೆ. ಗುರುತಿಲ್ಲದ ಒಬ್ಬ ಹೆಂಗಸಿಗೆ ಇಷ್ಟು ಮರುಗ್ತೀರಲ್ಲ... ನಾಳೆ ಮೊದಲ ಬಸ್ಸಿಗೆ ನಾನು ಹೋಗ್ತೀನಿ. ಥೆಲ್ಮಾಳ ಹಾಸಿಗೆ ಪಕ್ಕ ಕೂತು ಅವಳ ಕೈ ಹಿಡ್ಕೋತೀನಿ."

ಹಿಂದಿನ ಸಾಲಿನಲ್ಲಿ ಮ್ಯೂರಿಯಲ್ ಎದ್ದು ಕೈಚೀಲ ತೋಳಿಗೆ ಹಾಕಿಕೊಂಡರು. ಅವರು ಆ ಬಾಗಿಲು ದಾಟಿದರೆ ನನ್ನ ಶನಿವಾರಗಳು ಮುಗಿದವೆಂದು ನನಗೆ ಗೊತ್ತಿತ್ತು. ಮರ್ಯಾದೆ ಮುಖ್ಯವೋ ಶುಂಠಿ ಕೇಕು ಮುಖ್ಯವೋ? ಎದ್ದು ನಿಂತೆ.

"ಪಾದ್ರಿಯಮ್ಮಾ, ಹೋಗಬೇಡಿ! ಥೆಲ್ಮಾ ಅನ್ನೋ ಹೆಂಗಸು ಇಲ್ಲ. ಅವಳು ಟೀವಿ ಧಾರಾವಾಹಿಯವಳು. ನಾಲ್ಕು ವರ್ಷದ ಹಿಂದೆ ಇದೇ ಜಾಗದಲ್ಲಿ ನಿಂತು ನೋಡಬೇಡಿ ಅಂತ ನಿಮಗೆಲ್ಲ ಬುದ್ಧಿ ಹೇಳಿದ ನಾನೇ, ಅಂದಿನಿಂದ ಒಂದು ಕಂತೂ ಬಿಡದೆ ಬೀರುವಿನೊಳಗೆ ತಲೆ ಹಾಕಿ ನೋಡಿದೀನಿ. ನಾನು ಕಪಟಿ. ನಾನು ಸುಣ್ಣ ಬಳಿದ ಸಮಾಧಿ. ನನಗೆ ಬೇರೆ ಯಾವ ಹೆಂಗಸೂ ಇಲ್ಲ. ನಾನು ಪಾಪಿ..."

"ಶ್ಶ್!" ಎಂದಳು ಬೆಸ್ಸಿ, ಜಾಲರಿಯಿಂದ ತಲೆ ಎತ್ತದೆ. "ಪಾಪ ಆಮೇಲೆ ಒಪ್ಕೊಳ್ಳೋವಂತೆ ಕ್ಲಿಫರ್ಡ್! ಡಾಕ್ಟರು ಏನೋ ಹೇಳ್ತಿದಾರೆ!"

ಅರವತ್ತೆಂಟು ವರ್ಷದ ಬಾಳಿನಲ್ಲಿ ನಾನು ಮಾಡಿದ ಒಂದೇ ಒಂದು ಧೀರ ಕೆಲಸ ಅದು. ಕೇಳಿಸಿಕೊಂಡವರು ಇಬ್ಬರು.

"ಅಂದ್ರೆ ಥೆಲ್ಮಾ... ಇಲ್ಲವೇ ಇಲ್ಲವಾ?" ಪಾದ್ರಿಯಮ್ಮನ ದನಿ ನಡುಗಿತು.

"ಇಲ್ಲವೇ ಇಲ್ಲ ಅಂತ ಹೇಗೆ ಹೇಳ್ತೀರಮ್ಮಾ?" ಹೆರಾಲ್ಡನಿಗೆ ನಿಜಕ್ಕೂ ನೋವಾಗಿತ್ತು. "ಮೂವತ್ತೊಂದು ವರ್ಷದಿಂದ ಇದಾಳೆ. ನೀವು ಬಂದು ಆರು ವಾರ."

"ಇಲ್ಲಿ ಕಿವಿಗೆ ಬರೀ ಗೊರ ಗೊರ ಕೇಳುತ್ತೆ. ಕೆಳಕ್ಕೆ ನಡೀರಿ!" ಎಂದು ಮಾರ್ತ ಎದ್ದಳು. ಆ ಮಂಡಿಯಲ್ಲಿ ಅಷ್ಟು ವೇಗವಿದೆಯೆಂದು ಯಾರಿಗೂ ತಿಳಿದಿರಲಿಲ್ಲ. ಹದಿನೆಂಟಲ್ಲ, ಇಡೀ ಸಭೆ ಬಾಯ್ಲರ್ ಕೋಣೆಯ ಮೆಟ್ಟಿಲಿಗೆ ನುಗ್ಗಿತು. ಬೆಸ್ಸಿ ಪಾದ್ರಿಯಮ್ಮನ ಭುಜದ ಸುತ್ತ ಕೈ ಹಾಕಿ, "ಬಾಮ್ಮ, ದಾರೀಲಿ ಎಲ್ಲ ಹೇಳ್ತೀನಿ. ಮೊದಲನೇ ಗಂಡ ಹಾಲು ಮಾರೋನು..." ಎನ್ನುತ್ತಾ ಕರೆದೊಯ್ದಳು.

ಮೇಲೆ ಉಳಿದವರು ನಾನು, ಮ್ಯೂರಿಯಲ್.

ಭಾರ ಇಳಿದಿತ್ತು. "ಕೇಳಿದ್ರಲ್ಲ?" ಎಂದೆ. "ನೀವು ಅಂದ್ಕೊಂಡ ಹಾಗೆ ನನಗೆ ಬೇರೊಬ್ಬಳಿಲ್ಲ. ಹೆಂಗಸೇ ಅಲ್ಲ ಅದು, ಧಾರಾವಾಹಿ!"

"ಹೆಂಗಸು ಅಂತ ಯಾರು ಅಂದ್ಕೊಂಡ್ರು?" ಮ್ಯೂರಿಯಲ್ ಒಂದೊಂದೇ ಹೆಜ್ಜೆ ಇಡುತ್ತಾ ಬಂದರು. "ಭಾನುವಾರ ನಿಮ್ಮ ಬಾಯಿಂದ ಥೆಲ್ಮಾ ಅಂತ ಬಂದ ತಕ್ಷಣ ಯಾವ ಥೆಲ್ಮಾ ಅಂತ ನನಗೆ ಗೊತ್ತಾಯ್ತು. ಬೇರೆ ಹೆಂಗಸಾಗಿದ್ರೆ ಕ್ಷಮಿಸ್ತಿದ್ದೆ."

"ಕ್ಷಮಿಸ್ತಿದ್ರಾ?"

"ಗಂಡಸರ ಬುದ್ಧಿ ಅಂತ ಬಿಡ್ತಿದ್ದೆ. ಆದ್ರೆ ನಾನು ನನ್ನ ಟೀವೀನ ಕೈಗಾಡಿ ಮೇಲೆ ಕಳಿಸ್ದೆ. ಇಡೀ ಬೀದಿ ನೋಡ್ತು. ಥೆಲ್ಮಾನ ಇಪ್ಪತ್ತೇಳು ವರ್ಷದಿಂದ ಬಲ್ಲೆ ನಾನು. ನಮ್ಮಮ್ಮ ತೀರಿಕೊಂಡ ವಾರ ಮನೇಲಿ ಅವಳದ್ದೊಂದೇ ದನಿ ಇದ್ದಿದ್ದು. ಅಂಥವಳನ್ನ ನಿನ್ನ ಒಂದು ಮಾತಿಗೆ ಬಿಟ್ಟುಕೊಟ್ಟೆ. ನೀನು? ಪರದೆ ಎಳ್ಕೊಂಡು, ಬೆಚ್ಚಗೆ, ಒಬ್ಬನೇ!"

ಬೈಗುಳವೇ ನಿಜ. ಆದರೆ ನಾಲ್ಕು ವರ್ಷದಲ್ಲಿ ಮೊದಲ ಸಲ ಅವರು ನನ್ನನ್ನು 'ನೀನು' ಎಂದಿದ್ದರು. ಮುಳುಗುವವನಿಗೆ ಹುಲ್ಲುಕಡ್ಡಿ.

ಅಷ್ಟರಲ್ಲಿ ಕೆಳಗಿನಿಂದ ಭೂಮಿ ಬಿರಿಯುವಂಥ ಕೇಕೆ ಎದ್ದಿತು. ಜಾಲರಿಯೊಳಗಿಂದ ಹೆರಾಲ್ಡನ ಕೂಗು: "ಕಣ್ಣು ಬಿಟ್ಳು! ಎದ್ದು ಕೂತ್ಳು! ಡಾಕ್ಟರ ಕೆನ್ನೆಗೆ ಬಾರಿಸಿದ್ಳು!" ಅದರ ಹಿಂದೆಯೇ ಪಾದ್ರಿಯಮ್ಮನ ದನಿ: "ಹಲ್ಲೆಲೂಯಾ!"

ಮ್ಯೂರಿಯಲ್‌ಳ ತುಟಿಯ ಅಂಚು ಒಂದು ಎಳೆಯಷ್ಟು ಅಲುಗಿತು. ಕೂಡಲೇ ಬಿಗಿಯಾಯಿತು.

"ನನ್ನ ಉತ್ತರ ಬೇಕಾ ನಿನಗೆ?" ಎಂದಳು. "ಹಾಗಿದ್ರೆ ನನಗೆ ತಪ್ಪಿಸಿದ ನಾಲ್ಕು ವರ್ಷ ವಾಪಸ್ಸು ಕೊಡು. ನಿನಗೆ ಬಾಯಿಪಾಠ ಚೆನ್ನಾಗಿ ಬರುತ್ತಲ್ಲ. ನಾಳೆಯಿಂದ ದಿನಾ ಸಂಜೆ ಬಾ. ಮೊದಲನೇ ಕಂತಿಂದ ಒಂದೂ ಬಿಡದ ಹಾಗೆ ಒಪ್ಪಿಸು. ಮುಗಿದ ಮೇಲೆ ಹೇಳ್ತೀನಿ."

ಆರು ನೂರು ಕಂತು. ದಿನಕ್ಕೆ ಮೂರರಂತೆ ಒಪ್ಪಿಸಿದೆ. ಗಿಳಿಪಾಠವಲ್ಲ, ಬೆಂಕಿಗೂಡಿನ ಮುಂದೆ ಎದ್ದು ನಿಂತು, ದನಿ ಏರಿಸಿ ಇಳಿಸಿ, ಥೆಲ್ಮಾ ಬೈದಲ್ಲಿ ಬೈದು, ಅತ್ತಲ್ಲಿ ಅತ್ತು. ಮೀನಿಗೆ ಬದಲಾಗಿ ಬೆಂಕಿ ಕೆದಕುವ ಸಲಾಕೆ ಹಿಡಿದೆ. ಮೊದಲ ವಾರ ಮ್ಯೂರಿಯಲ್ ತಲೆ ಎತ್ತದೆ ಹೆಣೆದಳು. ಮೂರನೇ ವಾರ ಚಹಾ ಬಂತು. ಜೂನ್ ತಿಂಗಳಲ್ಲಿ ಶುಂಠಿ ಕೇಕು ವಾಪಸಾಯಿತು. ನೋರಾಳ ಮಂಡಿಯ ಎಣ್ಣೆಯ ಹೊತ್ತಿಗೆ ಅಡ್ಡಿಯಾಗದಂತೆ ಸೋಮ, ಬುಧ, ಶುಕ್ರ ಎಂಟು ಗಂಟೆಯ ಮೇಲೆ ಬರಬೇಕೆಂದು ಕಟ್ಟಪ್ಪಣೆಯಾಗಿತ್ತು. ನನಗೂ ಅದು ಅನುಕೂಲವೇ. ಏಳೂವರೆಯ ಕಂತು ನೋಡಿಯೇ ಹೊರಡುತ್ತಿದ್ದೆ. ಸಭೆಯವರಿಗೆ ಗುಟ್ಟೇನೂ ಉಳಿದಿರಲಿಲ್ಲ. ಪಾದ್ರಿಯಮ್ಮ ಬಾಡಿಗೆಗೆ ಟೀವಿ ತಂದು, ಐದನೇ ಗಂಡನ ವಿಷಯದಲ್ಲಿ ಬೆಸ್ಸಿಯೊಡನೆ ಜಗಳವಾಡುವ ಮಟ್ಟಕ್ಕೆ ಬೆಳೆದಿದ್ದರು.

ಅಕ್ಟೋಬರಿನ ಒಂದು ಶನಿವಾರ ಕೊನೆಯ ಘಟ್ಟಕ್ಕೆ ಬಂದೆ: ಮರದ ಮೀನು ಬೀಳುವ ಕಂತು. ಅದಾದರೆ ಮುಗಿಯಿತು, ಉತ್ತರ ಸಿಗುತ್ತದೆ. ಗಾಳಿ ಬೀಸುವ ಸಂಜೆಯನ್ನು ವರ್ಣಿಸಿದೆ, ಮೀನಿನ ಕೀಲು ಕಿರುಗುಟ್ಟುವುದನ್ನು ಕಿರುಗುಟ್ಟಿ ತೋರಿಸಿದೆ.

"ಅಂಗಡಿ ಬಾಗಿಲು ತೆರೆದು ಹೊರಗೆ ಬಂದಳು ಥೆಲ್ಮಾ," ಎಂದೆ, "ತನ್ನ ಕೆಂಪು ಕೋಟು ತೊಟ್ಟು..."

"ಹಸಿರು" ಎಂದಳು ಮ್ಯೂರಿಯಲ್.

"ಏನು?"

"ಆವತ್ತು ಹಾಕ್ಕೊಂಡಿದ್ದು ಹಸಿರು ಕೋಟು. ಕೆಂಪು ಕೋಟು ಒಗೆಯೋಕೆ ಹಾಕಿದ್ಳು."

ಹೆಣಿಗೆಯ ಕಡ್ಡಿಗಳು ನಿಂತವು. ನಾನು ಅವಳನ್ನು ನೋಡಿದೆ. ಅವಳು ಕಡ್ಡಿಗಳನ್ನು ನೋಡಿದಳು. ವಾರಕ್ಕೆ ಮೂರು ಸಂಜೆ. ಮಳೆಯಿರಲಿ ಮಂಜಿರಲಿ. ತಂಗಿಯ ಮಂಡಿ. ಕೈಗಾಡಿಯ ಮೇಲೆ ಹೋದ ಟೀವಿ ಯಾರ ಮನೆಗೆ ಹೋಗಿತ್ತು ಎಂಬುದು, ಮೂವತ್ತೇಳು ವರ್ಷ ಯಾವ ಬಸ್ಸು ಯಾವ ಹೊತ್ತಿಗೆ ಎಲ್ಲಿರಬೇಕೆಂದು ಬರೆದ ಈ ತಲೆಗೆ ಆಗ ಹೊಳೆಯಿತು.

"ನೋರಾಳ ಮಂಡಿ ಹೇಗಿದೆ?" ಎಂದೆ.

"ನೋರಾಳ ಮಂಡಿಗೆ ಯಾವತ್ತೂ ಏನೂ ಆಗಿಲ್ಲ" ಎಂದು ಕಿಡಿಯಾದಳು. "ಹಾಗೆ ನಗಬೇಡ! ನೀನು ಬೆಚ್ಚಗೆ ಕೋಟುಗಳ ನಡುವೆ ಕೂತಿದ್ದೆ. ನಾನು ನಾಲ್ಕು ಚಳಿಗಾಲ ಮಳೇಲಿ ನಡೆದು ಹೋಗಿ, ಆ ಗಟ್ಟಿ ಕುರ್ಚಿ ಮೇಲೆ, ಒದ್ದೆ ನಾಯಿ ವಾಸನೆ ಕುಡ್ಕೊಂಡು ನೋಡ್ದೆ. ಎಲ್ಲ ನಿನ್ನ ಉಪನ್ಯಾಸದಿಂದ!"

"ಎಲ್ಲ ಆಗಲೇ ನೋಡಿದ್ದೆ ಅಂದ್ಮೇಲೆ, ಏಳು ತಿಂಗಳು ನನ್ನ ಕೈಲಿ ಯಾಕೆ ಒಪ್ಪಿಸಿಕೊಂಡೆ?"

ಮ್ಯೂರಿಯಲ್ ಕಡ್ಡಿಗಳನ್ನು ಮತ್ತೆ ಆಡಿಸತೊಡಗಿದಳು. ಹೆಣಿಗೆಯ ಸಾಲು ಪೂರ್ತಿ ಮುಗಿಸಿದಳು.

"ಡಿಸೆಂಬರಿನಲ್ಲಿ ಇಟ್ಕೊಳ್ಳೋಣ ಮದುವೆ" ಎಂದಳು. "ಶನಿವಾರ. ಸೋಮ, ಬುಧ, ಶುಕ್ರ ಬೇಡ. ಈಗ ಮುಂದಕ್ಕೆ ಹೇಳು. ಬಾಗಿಲು ತೆರೆದು ಹೊರಗೆ ಬಂದ್ಳು, ಆಮೇಲೆ?"

"ಆಮೇಲೆ ಏನಾಯ್ತು ಅಂತ ನಿನಗೆ ಗೊತ್ತಲ್ಲ."

"ಗೊತ್ತು. ನೀನು ಹೇಳು."

ನಾನು ಗಂಟಲು ಸರಿಮಾಡಿಕೊಂಡೆ. ಅರವತ್ತು ವರ್ಷದ ಹಿಂದಿನ ಗಂಜಿ ಕಾಲರು ಮತ್ತೆ ಕತ್ತಿಗೆ ಸಿಕ್ಕಿದಂತಾಯಿತು. ಸಲಾಕೆ ಎತ್ತಿ ಹಿಡಿದು, ಮೊದಲಿನಿಂದ ಶುರುಮಾಡಿದೆ:

"ಹಸಿರು ಕೋಟು ತೊಟ್ಟು, ಅಂಗಡಿಯ ಬಾಗಿಲು ತೆರೆದು, ಹೊರಗೆ ಬಂದಳು ಥೆಲ್ಮಾ..."